ಆ ಟೇಬಲ್ ಹತ್ರ ಅಮ್ಮ ಇರಲ್ಲ

ಮಕ್ಕಳಿಗೆ ಮನೆಯಲ್ಲೇ ಕಲಿಸುವ ಅಪ್ಪ-ಅಮ್ಮಂದಿರು ನನ್ನ ಬಳಿ ಬಂದಾಗ ಹೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ. "ಮೇಡಂ, ಓದೋಕೆ ಕೂರಿಸೋದೇ ಕಷ್ಟ ಆಗ್ಬಿಟ್ಟಿದೆ." ಈ ಪ್ರಕರಣವೂ ಹಾಗೇ ಶುರುವಾಯಿತು. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ.

ಹುಡುಗನಿಗೆ ಒಂಬತ್ತು ವರ್ಷ. ಒಂದೂವರೆ ವರ್ಷದಿಂದ ಹೋಮ್‌ಸ್ಕೂಲಿಂಗ್. ಗೋಡೆಗೆ ಒತ್ತಿಕೊಂಡು ಒಂದು ಟೇಬಲ್, ಎರಡು ಕುರ್ಚಿ, ಎದುರಿಗೆ ಟೈಮ್‌ಟೇಬಲ್. ಮೊದಲ ಕೆಲವು ತಿಂಗಳು ಚೆನ್ನಾಗಿತ್ತು. ಆಮೇಲೆ ಪಾಠದ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು, ಬಾತ್‌ರೂಮಿನ ನೆಪ, ಕಣ್ಣೀರು. ತಾಯಿ ಸೋತುಹೋಗಿದ್ದರು.

ಎರಡನೇ ಭೇಟಿಗೆ ಗಣಿತದ ಪುಸ್ತಕ ತರಲು ಹೇಳಿದ್ದೆ. ನನ್ನ ಮೇಜಿನ ಮೇಲೆ ಅದನ್ನು ತೆರೆದಿಟ್ಟ ಕೂಡಲೇ ಹುಡುಗನ ಭುಜಗಳು ಬಿಗಿಯಾದವು. ಪೆನ್ಸಿಲ್ ತುದಿಯಿಂದ ರಬ್ಬರಿಗೆ ಒಂದೊಂದೇ ತೂತು ಮಾಡತೊಡಗಿದ. ಪುಸ್ತಕ ಮುಚ್ಚಿದೆ.

"ಬಾಗಿಲಿಂದ ಕಿಟಕಿವರೆಗೆ ಎಷ್ಟು ಟೈಲ್ಸ್ ಇದೆ, ನೋಡಿ ಹೇಳ್ತೀಯಾ ಪುಟ್ಟ?"

ಎದ್ದು ಎಣಿಸಿದ. ಹನ್ನೆರಡು.

"ಅದರಲ್ಲಿ ಮೂರನೇ ಒಂದು ಭಾಗ ನಡಿ."

ತುಟಿ ಅಲ್ಲಾಡಿಸಿ ಲೆಕ್ಕ ಹಾಕಿದ. ನಾಲ್ಕು ಟೈಲ್ಸ್ ದಾಟಿ ನಿಂತ. "ಮೂರನೇ ಎರಡು ಭಾಗ?" ಇನ್ನೂ ನಾಲ್ಕು. ಅಲ್ಲೇ ನಿಂತು ಹಿಂದೆ ಮುಂದೆ ನೋಡಿದ. ಆಮೇಲೆ ತಾನೇ ಹೇಳಿದ, "ಆರನೇ ನಾಲ್ಕು ಭಾಗ ಅಂದ್ರೂ ಇಲ್ಲಿಗೇ ಬರ್ತೀನಿ, ಅಲ್ವಾ?"

ತಾಯಿ ನನ್ನ ಮುಖ ನೋಡಿದರು. ಸಮಾನ ಭಿನ್ನರಾಶಿಗಾಗಿ ಮನೆಯಲ್ಲಿ ಮೂರು ವಾರದಿಂದ ಇಬ್ಬರೂ ಅತ್ತಿದ್ದರು. "ಮನೇಲಿ ಯಾಕೋ ಬರಲ್ಲ ನಿಂಗೆ?" ಎಂದರು. ಗದರಿದ್ದಲ್ಲ, ನೊಂದು ಕೇಳಿದ್ದು.

ಅವನು ನೆಲ ನೋಡುತ್ತಾ ಹೇಳಿದ. "ಆ ಟೇಬಲ್ ಹತ್ರ ಕೂತ್ರೆ ನೀನು ಅಮ್ಮ ಆಗಿರಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಇಂಥ ಮಾತನ್ನು ಬೇರೆ ಬೇರೆ ರೂಪದಲ್ಲಿ ಎಷ್ಟೋ ಮಕ್ಕಳಿಂದ ಕೇಳಿದ್ದೇನೆ. ಶಾಲೆಗೆ ಹೋಗುವ ಮಗು ಅಲ್ಲಿ ಬೈಸಿಕೊಂಡರೂ ಮನೆಗೆ ಬಂದು ಅಮ್ಮನ ಮಡಿಲು ಸೇರುತ್ತದೆ. ಈ ಹುಡುಗನಿಗೆ ಬೈಯುವವಳೂ ಅವಳೇ, ಮಡಿಲೂ ಅವಳದೇ. ಬೈಗುಳವೆಲ್ಲ ಆ ಒಂದು ಜಾಗಕ್ಕೆ ಅಂಟಿಕೊಂಡಿತ್ತು. ಅಲ್ಲಿ ಕೂತ ಕ್ಷಣವೇ ಅವನಿಗೆ ಹೊಟ್ಟೆ ಹಿಂಡುತ್ತಿತ್ತು.

ಟೇಬಲನ್ನು ಒಂದು ತಿಂಗಳು ಪಾಠಕ್ಕೆ ಬಳಸಬೇಡಿ ಎಂದೆ. ಗಣಿತ ಮೆಟ್ಟಿಲ ಮೇಲೆ ಆಗಲಿ, ಓದು ಮರದ ಕೆಳಗೋ ಲೈಬ್ರರಿಯಲ್ಲೋ ಆಗಲಿ, ಬರೆಯುವುದು ನೆಲದ ಮೇಲೆ ಚಾಪೆ ಹಾಸಿಕೊಂಡು ಆಗಲಿ. ಜಾಗ ಅವನೇ ಆರಿಸಲಿ. ಜಗಳ ಶುರುವಾದರೆ ಅಲ್ಲೇ ಮುಂದುವರಿಸಬೇಡಿ, ಎದ್ದು ಬೇರೆ ಕಡೆ ಹೋಗಿ.

ಈ ಸಲಹೆಗೆ ಆಕ್ಷೇಪ ಬರುತ್ತದೆ. ನನ್ನ ಜೊತೆ ಕೆಲಸ ಮಾಡುವವರೇ ಕೇಳಿದ್ದಾರೆ, ಓದಿಗೆ ಒಂದು ನಿಗದಿಯಾದ ಜಾಗ ಬೇಡವಾ, ಶಿಸ್ತು ಎಲ್ಲಿಂದ ಬರಬೇಕು ಎಂದು. ಒಬ್ಬರೇ ಕೂತು ಓದಿಕೊಳ್ಳುವ ದೊಡ್ಡ ಮಕ್ಕಳಿಗೆ ಅದು ಸರಿ. ಆದರೆ ಜಾಗವೇ ಹೆದರಿಕೆ ಹುಟ್ಟಿಸುವಾಗ ಅಲ್ಲೇ ಕೂರಿಸಿದರೆ ಶಿಸ್ತು ಬರುವುದಿಲ್ಲ, ಹೆದರಿಕೆ ಜಾಸ್ತಿಯಾಗುತ್ತದೆ. ಜಾಗ ಬದಲಾದರೆ ಕಲಿತದ್ದು ಚೆದುರಿಹೋಗುತ್ತದೆ ಎಂಬ ಭಯವೂ ಬೇಡ. 1978ರಲ್ಲಿ ಸ್ಮಿತ್, ಗ್ಲೆನ್‌ಬರ್ಗ್, ಬ್ಯೋರ್ಕ್ ಎಂಬ ಮನೋವಿಜ್ಞಾನಿಗಳು ಒಂದೇ ಪದಪಟ್ಟಿಯನ್ನು ಕೆಲವರಿಗೆ ಒಂದೇ ಕೋಣೆಯಲ್ಲಿ ಎರಡು ಸಲ, ಉಳಿದವರಿಗೆ ಎರಡು ಬೇರೆ ಕೋಣೆಗಳಲ್ಲಿ ಓದಿಸಿದರು. ಆಮೇಲೆ ಹೊಸ ಕೋಣೆಯಲ್ಲಿ ಕೇಳಿದಾಗ ಎರಡು ಕೋಣೆಯವರೇ ಹೆಚ್ಚು ಪದ ನೆನಪಿಸಿಕೊಂಡರು. ನೆನಪು ಒಂದೇ ಜಾಗಕ್ಕೆ ಕಟ್ಟುಬೀಳದಿದ್ದರೆ ಒಳ್ಳೆಯದೇ.

ಎರಡು ವಾರದ ನಂತರ ತಾಯಿ ಒಂದು ಪಟ್ಟಿ ತಂದರು. ಸೋಮವಾರ ತಾರಸಿ, ಮಂಗಳವಾರ ಪಾರ್ಕ್, ಬುಧವಾರ ಲೈಬ್ರರಿ, ಹೀಗೆ. ತುಂಬ ಪ್ರೀತಿಯಿಂದಲೇ ಬರೆದಿದ್ದರು. ಹುಡುಗ ಮಾತ್ರ ಮಂಗಳವಾರ ಮತ್ತೆ ಹೊಟ್ಟೆನೋವು ಅಂದಿದ್ದ. ತಪ್ಪು ನನ್ನದೂ ಹೌದು. ಅವನು ಆರಿಸಲಿ ಅನ್ನುವುದೇ ಮುಖ್ಯ ಎಂದು ಒತ್ತಿ ಹೇಳಬೇಕಿತ್ತು. ಪಟ್ಟಿ ಬಿಟ್ಟ ಮೇಲೆ ಮೆಟ್ಟಿಲೇ ಅವನ ಮೆಚ್ಚಿನ ಜಾಗವಾಯಿತು. ಅಮ್ಮ ಒಂದು ಮೆಟ್ಟಿಲು ಕೆಳಗೆ ಕೂರಬೇಕು, ಅದು ಅವನ ಷರತ್ತು.

ಮೂರು ತಿಂಗಳಾಗಿದೆ. ಗಣಿತದ ಅಳು ನಿಂತಿದೆ, ಹೊಟ್ಟೆನೋವೂ ಇಲ್ಲ. ಗಟ್ಟಿಯಾಗಿ ಓದುವಾಗ ಮಾತ್ರ ಎಲ್ಲಿ ಕೂತರೂ ತಡವರಿಸುತ್ತಾನೆ. ಅದಕ್ಕೆ ಜಾಗ ಕಾರಣವಲ್ಲ. ಮೊದಲು ಕಣ್ಣಿನ ಪರೀಕ್ಷೆ, ಆಮೇಲೆ ಓದಿನ ತೊಂದರೆ ಇದೆಯಾ ಎಂದು ನೋಡುವ ಪರೀಕ್ಷೆ ಮಾಡಿಸಲು ಹೇಳಿದ್ದೇನೆ. ಮುಂದಿನ ವಾರ ಬರುತ್ತಾರೆ.