303ಕ್ಕೆ ಕೊಂಬು ಮೂಡಿದಾಗ: ಬೇಸ್ ಸಿಂಥ್ ಬಗ್ಗೆ ಮೂರು ಪ್ರಶ್ನೆಗಳು

ಪ್ರಶ್ನೆ: ಮೂರು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಅನಲಾಗ್ ಬೇಸ್ ಸಿಂಥ್ (ತಗ್ಗಿನ ಸ್ವರಗಳ ಎಲೆಕ್ಟ್ರಾನಿಕ್ ವಾದ್ಯ) ಕೊಂಡೆ. ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303ರ ಹೊಸ ನಕಲು, ಅದಕ್ಕೆ ‘ಡೆವಿಲ್ ಫಿಶ್’ ಥರದ ಮಾರ್ಪಾಡೂ ಇದೆ ಅಂತ ಮಾರಿದವರು ಹೇಳಿದರು. ಮೇಲೆ ನೋಡಿದರೆ ನಾಬ್‌ಗಳದ್ದೇ ಜಾತ್ರೆ. ಎಲ್ಲವನ್ನೂ ತಿರುಗಿಸಿದ್ದಾಯ್ತು. ಒಂದೋ ಕಿರುಚುತ್ತದೆ, ಇಲ್ಲಾ ಗೊರಗೊರ ಅನ್ನುತ್ತದೆ. ಆಸಿಡ್ ಹೌಸ್ ಅನ್ನುವ ಎಲೆಕ್ಟ್ರಾನಿಕ್ ನೃತ್ಯ ಸಂಗೀತದ ರೆಕಾರ್ಡುಗಳಲ್ಲಿ ಕೇಳುವ, ಮಾತಾಡಿದ ಹಾಗಿರುವ ಆ ಬೇಸ್ ಮಾತ್ರ ಬರುತ್ತಿಲ್ಲ. ಎಲ್ಲಿಂದ ಶುರು ಮಾಡಲಿ? (ಮೈಸೂರಿನ ಓದುಗರು)

ಉತ್ತರ: ನಾನೂ ಹೀಗೇ ಶುರು ಮಾಡಿದವನು. ಹೊಸ ನಾಬ್ ಕಂಡರೆ ಕೈ ಸುಮ್ಮನಿರುವುದಿಲ್ಲ. ಆದರೆ ಸದ್ಯಕ್ಕೆ ಆ ಹೆಚ್ಚಿನ ನಾಬ್‌ಗಳು ಇಲ್ಲವೇ ಇಲ್ಲ ಅಂದುಕೊಳ್ಳಿ. ಫಿಲ್ಟರ್ ಎಫ್‌ಎಂ ಸೊನ್ನೆ. ಟ್ರ್ಯಾಕಿಂಗ್ ಸೊನ್ನೆ. ಸಾಫ್ಟ್ ಅಟ್ಯಾಕ್ ಸೊನ್ನೆ. ಸ್ಲೈಡ್ ಟೈಮ್ ತೀರಾ ಕಡಿಮೆ. ಮಫ್ಲರ್ ಆಫ್. ಆಕ್ಸೆಂಟ್ ಡಿಕೇ ಗಿಡ್ಡ. ಓವರ್‌ಡ್ರೈವನ್ನು ಸದ್ದು ಒಡೆಯದ ಜಾಗಕ್ಕೆ ಇಳಿಸಿ. ಈಗ ನಿಮ್ಮ ಮುಂದಿರುವುದು ಹೆಚ್ಚುಕಡಿಮೆ 1981ರ ಟಿಬಿ-303. ಒಂದು ತಿಂಗಳು ಅದರ ಜೊತೆಗೇ ಸಂಸಾರ ಮಾಡಿ.

ಆ ಯಂತ್ರ ಎಷ್ಟು ಬಡಪಾಯಿ ಅಂದರೆ, ಅದರಲ್ಲಿ ಇರುವುದು ಒಂದೇ ಆಸಿಲೇಟರ್, ಅಂದರೆ ಸದ್ದು ಹುಟ್ಟಿಸುವ ಭಾಗ. ಅಲೆಯ ಆಕಾರ ಸಾ-ಟೂತ್ (ಗರಗಸದ ಹಲ್ಲು) ಇಲ್ಲವೇ ಸ್ಕ್ವೇರ್ (ಚೌಕ), ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆ ಸ್ಕ್ವೇರ್ ಕೂಡ ಸಾ-ಟೂತ್‌ನಿಂದಲೇ ತಿದ್ದಿ ತೆಗೆದದ್ದು, ಹಾಗಾಗಿ ಅದು ಪೂರ್ತಿ ಚೌಕವೂ ಅಲ್ಲ. ರೋಲ್ಯಾಂಡ್‌ನ ತದಾವೊ ಕಿಕುಮೋಟೊ ಇದನ್ನು ರೂಪಿಸಿದ್ದು ಒಬ್ಬರೇ ಕೂತು ಗಿಟಾರ್ ನುಡಿಸುವವರಿಗೆ. ಪಕ್ಕದಲ್ಲಿ ಟಿಆರ್-606 ಡ್ರಮ್ ಬಾರಿಸುತ್ತದೆ, 303 ಬೇಸ್ ನುಡಿಸುತ್ತದೆ, ನೀವು ಗಿಟಾರ್ ಅಭ್ಯಾಸ ಮಾಡಿ ಅನ್ನುವ ಲೆಕ್ಕ. ಆದರೆ ಬೇಸ್ ಗಿಟಾರಿನ ಸದ್ದು ಬರಲೇ ಇಲ್ಲ. ಪ್ಯಾಟರ್ನ್ (ಯಂತ್ರ ಸುತ್ತಿ ಸುತ್ತಿ ನುಡಿಸುವ ಸ್ವರಸಾಲು) ಹಾಕುವ ರೀತಿಯೂ ತಲೆ ಕೆಡಿಸುವಂಥದ್ದು: ಸ್ವರಗಳನ್ನು ಒಂದು ಸಲ, ಅವುಗಳ ಕಾಲವನ್ನು ಇನ್ನೊಂದು ಸಲ, ಬೇರೆ ಬೇರೆಯಾಗಿ ಒತ್ತಬೇಕು. ಸುಮಾರು 10,000 ಯಂತ್ರ ಮಾಡಿ 1984ರಲ್ಲಿ ನಿಲ್ಲಿಸಿಬಿಟ್ಟರು. ಉಳಿದವು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿದ್ದವು. ಚಿಕಾಗೊದ ಫ್ಯೂಚರ್ ತಂಡದ ಡಿಜೆ ಪಿಯರ್, ಸ್ಪ್ಯಾಂಕಿ, ಹರ್ಬ್ ಜೆ ಕೈಗೆ ಸಿಕ್ಕಿದ್ದು ಅಂಥದ್ದೇ ಒಂದು. ಪ್ಯಾಟರ್ನ್ ಓಡುತ್ತಿರುವಾಗಲೇ ಅವರು ನಾಬ್ ತಿರುಗಿಸುತ್ತಾ ಹೋದರು. 1987ರಲ್ಲಿ ಹೊರಬಂದ ‘ಆಸಿಡ್ ಟ್ರ್ಯಾಕ್ಸ್’ ಹುಟ್ಟಿದ್ದು ಹೀಗೆ. ಸುಮಾರು 12 ನಿಮಿಷ, ಬಹುಪಾಲು ಒಂದೇ ಪ್ಯಾಟರ್ನ್.

ಈಗ ನಿಮ್ಮ ‘ಮಾತಾಡುವ ಬೇಸ್’ ವಿಷಯಕ್ಕೆ ಬರೋಣ. ಜನ ಕಟಾಫ್ ಮತ್ತು ರೆಸೊನೆನ್ಸ್ ಕಡೆಗೇ ನೋಡುತ್ತಾರೆ. ತಪ್ಪಲ್ಲ. ಫಿಲ್ಟರ್ ಮೇಲಿನ ನಾದಾಂಶಗಳನ್ನು ಕತ್ತರಿಸುತ್ತದೆ, ಎಲ್ಲಿಂದ ಮೇಲೆ ಅನ್ನುವುದನ್ನು ಕಟಾಫ್ ಹೇಳುತ್ತದೆ, ಕತ್ತರಿಸುವ ಅಂಚಿನಲ್ಲಿ ಇರುವುದನ್ನು ರೆಸೊನೆನ್ಸ್ ಎತ್ತಿ ತೋರಿಸುತ್ತದೆ. ತಂಬೂರಿಯ ಕುದುರೆ ಮೇಲೆ, ತಂತಿಯ ಕೆಳಗೆ ದಾರ ಸರಿಸಿ ಜೀವ ಕೂಡಿಸುತ್ತಾರಲ್ಲ, ಆಗ ಒಂದೇ ತಂತಿಯೊಳಗಿಂದ ಬೇರೆ ಬೇರೆ ಸ್ವರ ಇಣುಕುತ್ತವೆ. ಹೆಚ್ಚುಕಡಿಮೆ ಅದೇ ಅನುಭವ. ಅಸಲಿ 303ರ ರೆಸೊನೆನ್ಸ್ ಪೂರ್ತಿ ತಿರುಗಿಸಿದರೂ ಫಿಲ್ಟರ್ ತಾನಾಗಿ ಸೀಟಿ ಹೊಡೆಯುವುದಿಲ್ಲ. ಅಂಚಿನವರೆಗೆ ಬಂದು ನಿಲ್ಲುತ್ತದೆ.

ಆದರೆ ಗುಟ್ಟು ಇರುವುದು ಆಕ್ಸೆಂಟ್‌ನಲ್ಲಿ. ಬೇರೆ ಯಂತ್ರಗಳಲ್ಲಿ ಆಕ್ಸೆಂಟ್ ಅಂದರೆ ಆ ಸ್ವರ ಸ್ವಲ್ಪ ಜೋರು, ಅಷ್ಟೇ. 303ರಲ್ಲಿ ಅದು ಒಂದೇ ಏಟಿಗೆ ಮೂರು ಕೆಲಸ ಮಾಡುತ್ತದೆ. ಸದ್ದು ಜೋರಾಗುತ್ತದೆ. ಡಿಕೇ (ಇಳಿಯುವ ಕಾಲ) ನಾಬನ್ನು ಕಡೆಗಣಿಸಿ ಫಿಲ್ಟರಿನ ಎನ್ವೆಲಪ್ಪನ್ನು (ಪ್ರತಿ ಸ್ವರಕ್ಕೂ ಫಿಲ್ಟರ್ ತೆರೆದು ಮುಚ್ಚುವ ಚಲನೆ) ಸುಮಾರು 200 ಮಿಲಿಸೆಕೆಂಡಿಗೆ ಮೊಟಕು ಮಾಡುತ್ತದೆ. ಜೊತೆಗೆ ಇನ್ನೊಂದು ದಾರಿಯಿಂದ ಫಿಲ್ಟರನ್ನು ಮೇಲಕ್ಕೆ ತಳ್ಳುತ್ತದೆ. ಈ ಮೂರನೆಯದೇ ಮಜಾ. ಆ ದಾರಿಯಲ್ಲೊಂದು ಕೆಪಾಸಿಟರ್ (ವಿದ್ಯುತ್ ತುಂಬಿಟ್ಟುಕೊಳ್ಳುವ ಭಾಗ) ಕೂತಿದೆ. ಒಂದು ಆಕ್ಸೆಂಟ್ ಬಂದಾಗ ಅದು ತುಂಬುತ್ತದೆ, ನಿಧಾನಕ್ಕೆ ಖಾಲಿಯಾಗುತ್ತದೆ. ಪೂರ್ತಿ ಖಾಲಿಯಾಗುವ ಮೊದಲೇ ಮುಂದಿನ ಆಕ್ಸೆಂಟ್ ಬಂದರೆ ಉಳಿದದ್ದರ ಮೇಲೇ ತುಂಬುತ್ತದೆ. ಹಾಗಾಗಿ ಸಾಲಾಗಿ ಮೂರು ಆಕ್ಸೆಂಟ್ ಹಾಕಿದರೆ ಮೂರೂ ಒಂದೇ ಥರ ಕೇಳುವುದಿಲ್ಲ. ಒಂದಕ್ಕಿಂತ ಒಂದು ಮೇಲೇರುತ್ತದೆ, ಮಾತಿನಲ್ಲಿ ದನಿ ಏರಿದ ಹಾಗೆ. ಇನ್ನೂ ಒಂದು ವಿಷಯ: ರೆಸೊನೆನ್ಸ್ ನಾಬ್‌ನ ಒಳಗೆ ಎರಡು ಪಾಟ್‌ಗಳಿವೆ (ನಾಬ್ ತಿರುಗಿಸಿದಾಗ ವಿದ್ಯುತ್ ಹೆಚ್ಚುಕಡಿಮೆ ಮಾಡುವ ಭಾಗಗಳು). ಒಂದು ಫಿಲ್ಟರಿಗೆ, ಇನ್ನೊಂದು ಇದೇ ಆಕ್ಸೆಂಟ್ ದಾರಿಗೆ. ಅದಕ್ಕೇ ರೆಸೊನೆನ್ಸ್ ಜಾಸ್ತಿ ಮಾಡಿದಾಗ ಆಕ್ಸೆಂಟಿನ ನಡೆಯೇ ಬದಲಾಗುತ್ತದೆ.

ಇಷ್ಟು ತಿಳಿದ ಮೇಲೆ ಒಂದು ಪ್ಯಾಟರ್ನ್ ಹಾಕಿ. 16 ಹೆಜ್ಜೆ, ಎಲ್ಲ ಒಂದೇ ಸ್ವರ. 4 ಮತ್ತು 12ರಲ್ಲಿ ಮಾತ್ರ ಮೇಲಿನ ಸ್ಥಾಯಿ. 9, 10, 11ರಲ್ಲಿ ಆಕ್ಸೆಂಟ್. 3ರಿಂದ 4ಕ್ಕೆ ಸ್ಲೈಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು. ಕಟಾಫ್ ಕೆಳಗೆ, ರೆಸೊನೆನ್ಸ್ ಮುಕ್ಕಾಲು. ನಾಬ್ ಮುಟ್ಟದೆ ಐದು ನಿಮಿಷ ಕೇಳಿ. ಆಮೇಲೆ ಆಕ್ಸೆಂಟ್‌ಗಳನ್ನು ಬೇರೆ ಹೆಜ್ಜೆಗಳಿಗೆ ಸರಿಸಿ ನೋಡಿ. ಸ್ವರ ಬದಲಾಗದೆಯೇ ಸಾಲು ಬದಲಾಗುತ್ತದೆ. ನಿಮಗೆ ಸಿಗದಿದ್ದದ್ದು ಇದೇ ಅಂತ ನನ್ನ ಅನುಮಾನ. ನಾಬ್ ತಿರುಗಿಸುವವರು ಪ್ಯಾಟರ್ನ್ ಬರೆಯುವುದನ್ನು ಮರೆಯುತ್ತಾರೆ.

ಇನ್ನು ಆ ಹೆಚ್ಚಿನ ನಾಬ್‌ಗಳು. ಡೆವಿಲ್ ಫಿಶ್ ಅನ್ನುವುದು ಆಸ್ಟ್ರೇಲಿಯಾದ ರಾಬಿನ್ ವಿಟಲ್ 1993ರಿಂದ ಅಸಲಿ 303ಗಳಿಗೆ ಮಾಡಿಕೊಡುತ್ತಾ ಬಂದ ಮಾರ್ಪಾಡಿನ ಹೆಸರು. ಅವರ ದಾರಿ ಸರಳ. ಕಾರ್ಖಾನೆಯವರು ಎಲ್ಲೆಲ್ಲಿ ಒಂದು ಬೆಲೆಗೆ ಬೀಗ ಹಾಕಿದ್ದರೋ ಅಲ್ಲಲ್ಲಿ ಕೀಲಿಕೈಯನ್ನು ನುಡಿಸುವವರಿಗೆ ಕೊಟ್ಟರು. ಅಸಲಿಯಲ್ಲಿ ಸ್ಲೈಡ್ ಸುಮಾರು 60 ಮಿಲಿಸೆಕೆಂಡ್, ಬದಲಿಸುವ ಹಾಗಿಲ್ಲ. ಇಲ್ಲಿ ಅದು 360ರವರೆಗೆ ಹೋಗುತ್ತದೆ. ಅಸಲಿಯ ಕಟಾಫ್ ನಾಬ್ 2.4 ಕಿಲೋಹರ್ಟ್ಜ್ ಆಸುಪಾಸಿಗೆ ನಿಲ್ಲುತ್ತಿತ್ತು, ಇಲ್ಲಿ 5ರವರೆಗೆ ತೆರೆಯುತ್ತದೆ. ಡಿಕೇ 200 ಮಿಲಿಸೆಕೆಂಡಿನಿಂದ 2 ಸೆಕೆಂಡ್ ಇದ್ದದ್ದು 30 ಮಿಲಿಸೆಕೆಂಡಿನಿಂದ 3 ಸೆಕೆಂಡ್ ಆಗುತ್ತದೆ. ಬೆರಿಂಗರ್ ಕಂಪನಿಯ ಟಿಡಿ-3-ಎಂಒದಂಥ ನಕಲುಗಳು ಹಿಡಿದಿರುವುದು ಇದೇ ಹಾದಿ. ಅಂಕಿಗಳು ಒಂದೊಂದರಲ್ಲಿ ಒಂದೊಂದು ಥರ ಇರಬಹುದು, ಆಲೋಚನೆ ಅದೇ.

ತಿಂಗಳು ಕಳೆದ ಮೇಲೆ ಆಕ್ಸೆಂಟ್ ಡಿಕೇಯಿಂದ ಶುರು ಮಾಡಿ. ನನಗೆ ಕೇಳಿದರೆ ಇಡೀ ಮಾರ್ಪಾಡಿನಲ್ಲಿ ಸಂಗೀತಕ್ಕೆ ಹೆಚ್ಚು ಕೆಲಸಕ್ಕೆ ಬರುವುದು ಅದೇ. ಸಾದಾ ಸ್ವರಗಳು ಗಿಡ್ಡ, ಆಕ್ಸೆಂಟ್ ಬಿದ್ದವು ಉದ್ದ: ಅಸಲಿ ಯಂತ್ರದಲ್ಲಿ ಇದು ಆಗುತ್ತಲೇ ಇರಲಿಲ್ಲ, ಅಲ್ಲಿ ಆಕ್ಸೆಂಟ್ ಅಂದರೆ ಗಿಡ್ಡವೇ. ಆಮೇಲೆ ಸ್ಲೈಡ್ ಟೈಮ್. ಓವರ್‌ಡ್ರೈವ್ ಬಗ್ಗೆ ಹುಷಾರಾಗಿರಿ. ಅದು ಕೊನೆಯಲ್ಲಿ ಸೇರಿಸುವ ಡಿಸ್ಟಾರ್ಷನ್ ಅಲ್ಲ. ಆಸಿಲೇಟರಿನ ಸದ್ದನ್ನು ಫಿಲ್ಟರಿಗೆ ಹೋಗುವ ಮೊದಲೇ ಉಬ್ಬಿಸುತ್ತದೆ. ಡೆವಿಲ್ ಫಿಶ್‌ನಲ್ಲಿ ಮಾಮೂಲಿನ 66.6 ಪಟ್ಟಿನವರೆಗೂ ಏರಿಸಬಹುದು. ಆ ಅಂಕಿಯನ್ನು ನೋಡಿದರೆ (666 ಅಂದರೆ ಕ್ರೈಸ್ತರಲ್ಲಿ ಸೈತಾನನ ಸಂಖ್ಯೆ) ವಿಟಲ್ ನಗುತ್ತಲೇ ಇಟ್ಟದ್ದು ಅನಿಸುತ್ತದೆ, ಅಲ್ವಾ? ಜೋರು ಮಾಡಿದಷ್ಟೂ ಫಿಲ್ಟರಿನ ಡಯೋಡ್ ಏಣಿ ತುಂಬಿ ಹೋಗುತ್ತದೆ, ರೆಸೊನೆನ್ಸ್ ಮುಳುಗುತ್ತದೆ, ಸದ್ದು ದಪ್ಪವಾಗುತ್ತದೆ. ನಿಮ್ಮ ‘ಗೊರಗೊರ’ ಇಲ್ಲಿಂದ ಬಂದಿರಬೇಕು. ‘ಕಿರುಚು’ ಬಂದಿರುವುದು ಫಿಲ್ಟರ್ ಎಫ್‌ಎಂನಿಂದ. ಹೊರಬಂದ ಸದ್ದನ್ನೇ ತಿರುಗಿ ಫಿಲ್ಟರಿನ ಕಟಾಫ್ ಅಲುಗಿಸಲು ಬಿಡುವ ನಾಬ್ ಅದು, ಬಾಲ ಕಚ್ಚಿಕೊಂಡ ಹಾವಿನ ಹಾಗೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮಫ್ಲರ್ ಜೋರಿನ ತುದಿಗಳನ್ನು ಮೆತ್ತಗೆ ಅದುಮುತ್ತದೆ, ಟ್ರ್ಯಾಕಿಂಗ್ ಫಿಲ್ಟರನ್ನು ಸ್ವರದ ಜೊತೆ ಏರಿಳಿಸುತ್ತದೆ. ಇವೆರಡನ್ನೂ ಕಿವಿಯೇ ಕಲಿಸುತ್ತದೆ.

ಪ್ರಶ್ನೆ: ನಾನು ಮೆಲ್ಬರ್ನ್‌ನಲ್ಲಿರುವ ಕನ್ನಡಿಗ. ಪರಿಚಯದವರೊಬ್ಬರು ಮನೆ ಖಾಲಿ ಮಾಡುವಾಗ ಅಸಲಿ ಟಿಬಿ-303 ಸಿಕ್ಕಿತು. ಆನ್ ಆಗುತ್ತದೆ, ಆದರೆ ಏನೇನೋ ಅಡ್ಡಾದಿಡ್ಡಿ ಪ್ಯಾಟರ್ನ್ ನುಡಿಸುತ್ತದೆ. ಡೆವಿಲ್ ಫಿಶ್ ಹುಟ್ಟಿದ್ದು ಇದೇ ಊರಲ್ಲಿ ಅಂತ ಕೇಳಿದೆ. ಮಾಡಿಸಿಬಿಡಲೇ?

ಉತ್ತರ: ಅವಸರ ಬೇಡ. ಅಡ್ಡಾದಿಡ್ಡಿ ಪ್ಯಾಟರ್ನ್ ಕೇಳಿದರೆ ಗಾಬರಿಯಾಗಬೇಡಿ. 303ರ ಮೆಮೊರಿ ಬದುಕಿರುವುದು ಬ್ಯಾಟರಿಯ ಮೇಲೆ. ಬ್ಯಾಟರಿ ಸತ್ತರೆ ಅದರಲ್ಲಿದ್ದ 64 ಪ್ಯಾಟರ್ನ್‌ಗಳೂ ಹೋಗಿ, ಮತ್ತೆ ಆನ್ ಮಾಡಿದಾಗ ಕಸ ತುಂಬಿಕೊಂಡಿರುತ್ತದೆ. ಆ ಕಸದಲ್ಲೇ ಒಳ್ಳೆಯ ಸಾಲುಗಳನ್ನು ಹೆಕ್ಕಿಕೊಂಡವರೂ ಇದ್ದಾರೆ. ಅಳಿಸುವ ಮೊದಲು ರೆಕಾರ್ಡ್ ಮಾಡಿಟ್ಟುಕೊಳ್ಳಿ, ಮತ್ತೆ ಸಿಗುವುದಿಲ್ಲ.

ಮೊದಲ ಕೆಲಸ, ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿ ಸೋರಿದೆಯೇ ನೋಡುವುದು. ಎರಡನೆಯದು ಅಡಾಪ್ಟರ್. ಇದಕ್ಕೆ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್ನಿನ ನಡುವೆ ಮೈನಸ್. ಮನೆಯಲ್ಲಿ ಬಿದ್ದಿರುವ ಹೆಚ್ಚಿನ ಅಡಾಪ್ಟರುಗಳಲ್ಲಿ ನಡುವೆ ಪ್ಲಸ್ ಇರುತ್ತದೆ. ನಾನೊಮ್ಮೆ ಕತ್ತಲಲ್ಲಿ ತಡಕಾಡಿ ತಪ್ಪು ಅಡಾಪ್ಟರ್ ಚುಚ್ಚಿ ಒಂದು ಪುಟ್ಟ ಡ್ರಮ್ ಯಂತ್ರವನ್ನು ಕೊಂದಿದ್ದೇನೆ. ಆ ಸುಟ್ಟ ವಾಸನೆ ಇನ್ನೂ ಮರೆತಿಲ್ಲ.

ಮಾರ್ಪಾಡಿನ ವಿಷಯ. ಡೆವಿಲ್ ಫಿಶ್ ಅಂದರೆ ಪ್ಲಗ್ ಚುಚ್ಚಿ ತೆಗೆಯುವಂಥದ್ದಲ್ಲ. ಹೊಸ ನಾಬ್, ಸ್ವಿಚ್, ಸಾಕೆಟ್‌ಗಳಿಗೆ ಡಬ್ಬಿಯಲ್ಲಿ ತೂತು ಕೊರೆಯಬೇಕು, ಒಳಗೆ ತುಂಬಾ ಕೈಕೆಲಸ. ಕೊರೆದ ತೂತು ಮುಚ್ಚುವುದಿಲ್ಲ. ಅಸಲಿ 303ಗೆ ಇವತ್ತು ಹಲವು ಸಾವಿರ ಡಾಲರ್ ಬೆಲೆ ಇದೆ. ನಿಮ್ಮದರ ಡಬ್ಬಿ ಚೊಕ್ಕವಾಗಿದ್ದು ಎಲ್ಲ ಕೆಲಸ ಮಾಡುತ್ತಿದ್ದರೆ ಮುಟ್ಟಲೇಬೇಡಿ ಅನ್ನುವುದು ನನ್ನ ಮಾತು. ಯಾರೋ ಮೊದಲೇ ಕೊರೆದು ಹಾಳು ಮಾಡಿದ್ದರೆ, ಡಬ್ಬಿ ಒಡೆದಿದ್ದರೆ, ಆಗ ಮಾತು ಬೇರೆ. ಅಂಥದ್ದಕ್ಕೆ ಡೆವಿಲ್ ಫಿಶ್ ಹೊಸ ಜನ್ಮ.

ಈ ಮಾರ್ಪಾಡು ನನಗೆ ಇಷ್ಟವಿಲ್ಲ ಅಂತಲ್ಲ. ಹೊರಗಿನ ಸದ್ದನ್ನು ಫಿಲ್ಟರಿಗೆ ಕಳಿಸಬಹುದು, ಬೇರೆ ಸೀಕ್ವೆನ್ಸರಿನಿಂದ (ಪ್ಯಾಟರ್ನ್ ಓಡಿಸುವ ಯಂತ್ರ) ಸ್ವರವನ್ನೂ ಆಕ್ಸೆಂಟನ್ನೂ ನಡೆಸಬಹುದು. ಅಸಲಿ 303 ಒಂದು ಒಳ್ಳೆಯ ಕುಡುಗೋಲು ಅನ್ನಿ, ಡೆವಿಲ್ ಫಿಶ್ ಇಡೀ ಕಮ್ಮಾರಸಾಲೆ. ಆದರೆ ಕಮ್ಮಾರಸಾಲೆ ಬೇಕು ಅಂತ ನಿಮಗೇ ಅನಿಸುವವರೆಗೆ ಕಾಯಿರಿ. ಅಲ್ಲಿಯವರೆಗೆ ಮಾರ್ಪಾಡಿನ ರುಚಿ ನೋಡಲು ಒಂದು ಅಗ್ಗದ ನಕಲು ಸಾಕು. ಅದನ್ನು ಕೊರೆದರೂ ಯಾರೂ ಅಳುವುದಿಲ್ಲ.

ಪ್ರಶ್ನೆ: ಆಸಿಡ್ ಹೌಸ್ ಹುಟ್ಟಿದ್ದು ಚಿಕಾಗೊದಲ್ಲಲ್ಲ, ಮುಂಬೈಯಲ್ಲಿ ಅಂತ ಗೆಳೆಯನೊಬ್ಬ ವಾದ ಮಾಡುತ್ತಾನೆ. ನಿಜವೇ? (ಹುಬ್ಬಳ್ಳಿಯ ಓದುಗರು)

ಉತ್ತರ: ನಿಮ್ಮ ಗೆಳೆಯ ಹೇಳುತ್ತಿರುವುದು ಚರಣ್‌ಜಿತ್ ಸಿಂಗ್ ಅವರ ಬಗ್ಗೆ. ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂಡಿಸಿ ಒಂದು ಎಲ್‌ಪಿ ಮಾಡಿದರು. ಮೂರೇ ರೋಲ್ಯಾಂಡ್ ಯಂತ್ರ: ರಾಗಕ್ಕೆ ಜುಪಿಟರ್-8, ತಾಳಕ್ಕೆ ಟಿಆರ್-808, ಬೇಸ್‌ಗೆ ಟಿಬಿ-303. ಆಗ ಅದು ಹೆಚ್ಚು ಮಾರಾಟವಾಗಲಿಲ್ಲ. 2010ರಲ್ಲಿ ಮರುಬಿಡುಗಡೆಯಾದ ಮೇಲೆ ಜಗತ್ತು ಕಣ್ಣರಳಿಸಿತು. ಸಿಂಗ್ 2015ರಲ್ಲಿ ತೀರಿಕೊಂಡರು.

ಕೇಳಿದರೆ ಆಸಿಡ್‌ನ ಹಾಗೇ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರಿಂದ ಚಿಕಾಗೊದವರು ಕಲಿತರು ಅನ್ನಲು ಪುರಾವೆ ಇಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಸಿಂಗ್ ಅವರಲ್ಲಿ 303 ಪಕ್ಕವಾದ್ಯ, ರಾಗ ಮೇಲೆ ಹರಿಯುತ್ತದೆ. ಚಿಕಾಗೊದಲ್ಲಿ 303ರ ನಾಬ್ ತಿರುಗುವುದೇ ಕಚೇರಿ. ಹಾಗಾಗಿ ಗೆಳೆಯನಿಗೆ ಅರ್ಧ ಅಂಕ ಕೊಡಿ.

ಆ ಹತ್ತು ರಾಗಗಳಲ್ಲಿ ಭೈರವ್ ಒಂದು. ನಮ್ಮಲ್ಲಿ ಅದೇ ಸ್ವರಗಳ ಮೇಳ ಮಾಯಾಮಾಳವಗೌಳ, ಮಕ್ಕಳು ಸರಳೆ ವರಸೆ ಕಲಿಯುವುದು ಅದರಲ್ಲೇ. ಮೊದಲ ವರಸೆಯನ್ನು ಎಣಿಸಿ ನೋಡಿ: ಸರಿಗಮಪದನಿಸ, ಸನಿದಪಮಗರಿಸ. ಸರಿಯಾಗಿ 16 ಸ್ವರ, 303ರ ಒಂದು ಪ್ಯಾಟರ್ನ್‌ಗೂ 16 ಹೆಜ್ಜೆ! ಸಿ, ಸಿ ಶಾರ್ಪ್, ಇ, ಎಫ್, ಜಿ, ಜಿ ಶಾರ್ಪ್, ಬಿ, ಮೇಲಿನ ಸಿ, ಆಮೇಲೆ ಅದೇ ದಾರಿಯಲ್ಲಿ ವಾಪಸ್. ಏರುವಾಗ ರಿಯಿಂದ ಗಕ್ಕೆ ಒಂದು ಸ್ಲೈಡ್, ಇಳಿಯುವಾಗ ನಿಯಿಂದ ದಕ್ಕೆ ಇನ್ನೊಂದು, ನಮ್ಮ ಜಾರು ಹಾಕಿದ ಹಾಗೆ. ನಡುವೆ ಒಟ್ಟಿಗೆ ಬರುವ ಎರಡು ಮೇಲಿನ ಸಕ್ಕೂ ಆಕ್ಸೆಂಟ್. ಮೈಸೂರಿನವರೇ, ಇದು ನಿಮ್ಮ ಎರಡನೆಯ ಪ್ಯಾಟರ್ನ್. ಮೊದಲು ವಿಳಂಬ ಕಾಲದಲ್ಲಿ ಓಡಿಸಿ, ಆಮೇಲೆ ಟೆಂಪೋ ಏರಿಸಿ.