ಖಾತೆ ತೆರೆಯಲು ನಂಬರ್ ಯಾಕೆ, ಕಾರ್ಡ್ ಯಾಕೆ?

ಪ್ರಶ್ನೆ: ಮೊದಲೆಲ್ಲ ಇಮೇಲ್ ಒಂದಿದ್ದರೆ ಸಾಕಿತ್ತು. ಈಗ ಎಲ್ಲಿ ಖಾತೆ ತೆರೆಯಹೊರಟರೂ ಮೊಬೈಲ್ ನಂಬರ್ ಕೇಳುತ್ತಾರೆ. ಕೆಲವರಂತೂ ‘ಉಚಿತ’ ಎಂದು ಬರೆದು ಅದರ ಕೆಳಗೇ ಕಾರ್ಡ್ ವಿವರ ಕೇಳುತ್ತಾರೆ. ಉಚಿತವಾದದ್ದಕ್ಕೆ ಕಾರ್ಡ್ ಏಕೆ?

ಉತ್ತರ: ಇಮೇಲ್ ವಿಳಾಸ ಹುಟ್ಟಿಸಲು ಕಾಸಿನ ಖರ್ಚಿಲ್ಲ. ಒಂದು ಸ್ಕ್ರಿಪ್ಟ್ (ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂ) ಓಡಿಸಿಟ್ಟರೆ ಬೆಳಗಾಗುವುದರೊಳಗೆ ಸಾವಿರಾರು ಖಾತೆ ತಯಾರು. ಸಿಮ್ ಬೇಕೆಂದರೆ ದುಡ್ಡು ಕೊಡಬೇಕು, ಕಾರ್ಡ್ ಬೇಕೆಂದರೆ ಬ್ಯಾಂಕಿನ ತಪಾಸಣೆ ದಾಟಬೇಕು. ಒಬ್ಬನೇ ನೂರು ಹೆಸರಿನಲ್ಲಿ ಬರುವುದನ್ನು ದುಬಾರಿ ಮಾಡುವುದೇ ಈ ಕೇಳಿಕೆಯ ಮುಖ್ಯ ಉದ್ದೇಶ. ಪುಕ್ಕಟೆಯಾಗಿ ಸರ್ವರ್ ಸಮಯ ಕೊಡುವ ಸೇವೆಗಳಲ್ಲಿ ಈ ಕಾಟ ವಿಪರೀತ. ಕ್ರಿಪ್ಟೊ ಗಣಿಗಾರಿಕೆ (ಕಂಪ್ಯೂಟರ್ ದುಡಿಸಿ ಡಿಜಿಟಲ್ ನಾಣ್ಯ ಗಳಿಸುವುದು) ಮಾಡುವವರು ನುಗ್ಗಿದ್ದರಿಂದ 2021ರ ಮೇ ತಿಂಗಳಲ್ಲಿ ತಂತ್ರಾಂಶ ಬರೆಯುವವರ ತಾಣವಾದ ಗಿಟ್‌ಲ್ಯಾಬ್, ತನ್ನ ಉಚಿತ ರನ್ನರ್ (ಅವರ ಪ್ರೋಗ್ರಾಂ ಓಡಿಸಿಕೊಡುವ ಸರ್ವರ್) ಬಳಸುವ ಹೊಸಬರಿಂದ ಕಾರ್ಡ್ ಕೇಳತೊಡಗಿತು. ಅದೇ ವರ್ಷ ಅಂಥದ್ದೇ ಇನ್ನೊಂದು ತಾಣ ಡಾಕರ್ ಹಬ್, ತಂತ್ರಾಂಶವನ್ನು ತಾನಾಗಿ ಕಟ್ಟಿಕೊಡುವ ಉಚಿತ ಆಟೊಬಿಲ್ಡ್ ನಿಲ್ಲಿಸಿತು. ಆ್ಯಪ್‌ಗಳಿಗೆ ಸರ್ವರ್ ಒದಗಿಸುವ ಹೆರೊಕು, ವಂಚನೆ, ದುರ್ಬಳಕೆಗಳ ಕಾರಣ ಕೊಟ್ಟು 2022ರ ನವೆಂಬರ್‌ನಲ್ಲಿ ಉಚಿತ ಪ್ಲಾನ್‌ಗಳನ್ನೇ ಎತ್ತಿಹಾಕಿತು.

ಹಾಗಂತ ಎಲ್ಲರ ಕಾರಣವೂ ಇಷ್ಟು ಸಾಚಾ ಅಲ್ಲ. ‘ಒಂದು ತಿಂಗಳು ಉಚಿತ’ ಎಂದು ಕಾರ್ಡ್ ಪಡೆಯುವವರ ಲೆಕ್ಕಾಚಾರದಲ್ಲಿ ನಿಮ್ಮ ಮರೆವೂ ಸೇರಿರುತ್ತದೆ. ಟಾರ್ಚ್ ಆ್ಯಪೊಂದು ನಂಬರ್ ಕೇಳಿದರೆ ಕೊಡಲು ಯಾವ ಕಾರಣವೂ ಇಲ್ಲ, ಬೇರೆ ಆ್ಯಪ್ ನೋಡಿಕೊಳ್ಳಿ.

ಪ್ರಶ್ನೆ: ‘ಹಣ ಕಡಿತವಾಗುವುದಿಲ್ಲ’ ಎಂದಿದ್ದರು. ಆದರೆ ಕಾರ್ಡ್ ಹಾಕಿದ ಕೂಡಲೇ ಸಣ್ಣ ಮೊತ್ತವೊಂದು ಕಡಿತವಾದ ಮೆಸೇಜ್ ಬಂತು. ಮೋಸವೇ?

ಉತ್ತರ: ಬಹುಪಾಲು ಅಲ್ಲ. ಕಾರ್ಡ್ ಪಾವತಿಯಲ್ಲಿ ಎರಡು ಹಂತಗಳಿವೆ. ಮೊದಲನೆಯದರಲ್ಲಿ ಸೇವೆಯವರು ‘ಈ ಕಾರ್ಡ್ ಚಾಲ್ತಿಯಲ್ಲಿದೆಯೇ, ಇಷ್ಟು ಮೊತ್ತಕ್ಕೆ ಒಪ್ಪಿಗೆಯೇ’ ಎಂದು ಬ್ಯಾಂಕನ್ನು ಕೇಳುತ್ತಾರೆ. ಬ್ಯಾಂಕ್ ಒಪ್ಪಿ ಅಷ್ಟನ್ನು ತಡೆಹಿಡಿಯುತ್ತದೆ. ಹಣ ನಿಜವಾಗಿ ಕೈಬದಲಾಗುವುದು ಎರಡನೆಯ ಹಂತದಲ್ಲಿ. ಬರೀ ಪರಿಶೀಲನೆಯಾದರೆ ಆ ಎರಡನೆಯ ಹಂತ ನಡೆಯುವುದೇ ಇಲ್ಲ, ತಡೆಹಿಡಿದದ್ದು ಕೆಲವು ದಿನಗಳಲ್ಲಿ ತಾನಾಗಿ ಬಿಡುಗಡೆಯಾಗುತ್ತದೆ. ಬ್ಯಾಂಕಿನ ಮೆಸೇಜ್ ವ್ಯವಸ್ಥೆ ಎರಡನ್ನೂ ಒಂದೇ ಮಾತಿನಲ್ಲಿ ‘ಕಡಿತ’ ಎಂದು ಬಿಡುವುದರಿಂದ ಗಾಬರಿಯಾಗುತ್ತದೆ.

ಬ್ಯಾಂಕ್ ಆ್ಯಪಿನಲ್ಲಿ ಆ ವ್ಯವಹಾರದ ಎದುರು ‘ಪೆಂಡಿಂಗ್’ ಎಂದಿದೆಯೇ ನೋಡಿ. ಇದ್ದರೆ ಒಂದು ವಾರ ಬಿಡಿ. ಪೆಂಡಿಂಗ್ ಹೋಗಿ ಸ್ಟೇಟ್‌ಮೆಂಟಿನಲ್ಲಿ ಪಕ್ಕಾ ಖರ್ಚಾಗಿ ಕೂತಿದ್ದರೆ ಮೊದಲು ಸೇವೆಯವರನ್ನು ಕೇಳಿ, ಸ್ಪಂದಿಸದಿದ್ದರೆ ಬ್ಯಾಂಕಿಗೆ ತಕರಾರು ಸಲ್ಲಿಸಿ. ಡೆಬಿಟ್ ಕಾರ್ಡ್‌ನಲ್ಲಿ ತಡೆಹಿಡಿದ ಮೊತ್ತ ನಿಮ್ಮ ಬ್ಯಾಲೆನ್ಸಿನಿಂದಲೇ ಕಡಿಮೆಯಾಗಿ ಕಾಣುತ್ತದೆ. ಐದು ಸಲ ಪ್ರಯತ್ನಿಸಿದರೆ ಐದು ಸಲವೂ ತಡೆ ಬೀಳಬಹುದು. ಶೂನ್ಯ ಮೊತ್ತದಲ್ಲೇ ಕಾರ್ಡ್ ಪರಿಶೀಲಿಸುವ ದಾರಿ ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಇದೆ. ಎಲ್ಲ ಸೇವೆಗಳೂ ಅದನ್ನು ಬಳಸುವುದಿಲ್ಲ ಅಷ್ಟೇ.

ಪ್ರಶ್ನೆ: ಅಂಗಡಿಯಲ್ಲಿ ನಡೆಯುವ ಕಾರ್ಡು ಸೈನ್‌ಅಪ್‌ನಲ್ಲಿ ಮಾತ್ರ ತಿರಸ್ಕೃತವಾಗುತ್ತದೆ. ದುಡ್ಡಿದೆ, ನಂಬರ್ ಸರಿಯಿದೆ.

ಉತ್ತರ: ಮೊದಲು ಬ್ಯಾಂಕ್ ಆ್ಯಪ್ ತೆರೆದು ಆನ್‌ಲೈನ್ ಬಳಕೆ, ವಿದೇಶಿ ವ್ಯವಹಾರ ಎರಡೂ ಚಾಲೂ ಇವೆಯೇ ನೋಡಿ. ನೀವು ಯಾವ ದೇಶದಲ್ಲಿದ್ದರೂ ಸೇವೆಯ ಕಂಪನಿ ಇನ್ನೊಂದು ದೇಶದಲ್ಲಿದ್ದರೆ ಅದು ಸಾಮಾನ್ಯವಾಗಿ ವಿದೇಶಿ ವ್ಯವಹಾರವೇ. ಬ್ಯಾಂಕಿನ ದೃಢೀಕರಣದ ಪುಟ ಪಾಪ್‌ಅಪ್ ಆಗಿ ಬರುವುದುಂಟು. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಅದನ್ನೂ ನುಂಗಿಬಿಡುತ್ತದೆ, ಆಗ ನಿಮಗೆ ಕಾಣುವುದು ‘ವಿಫಲ’ ಎಂಬ ಒಂದು ಪದ ಮಾತ್ರ. ವಿಪಿಎನ್ (ನೀವಿರುವ ಜಾಗವನ್ನು ಮರೆಮಾಡುವ ಸೇವೆ) ಹಾಕಿದ್ದರೆ ತೆಗೆಯಿರಿ. ಐಪಿ (ನಿಮ್ಮ ಇಂಟರ್‌ನೆಟ್ ವಿಳಾಸ) ಒಂದು ದೇಶ, ಕಾರ್ಡ್ ಇನ್ನೊಂದು ದೇಶದ್ದಾದರೆ ವಂಚನೆ ಪತ್ತೆಹಚ್ಚುವ ತಂತ್ರಾಂಶಕ್ಕೆ ಅನುಮಾನ ಬರುತ್ತದೆ. ಬಿಲ್ಲಿಂಗ್ ವಿಳಾಸವನ್ನೂ, ಪಿನ್‌ಕೋಡನ್ನೂ ಬ್ಯಾಂಕಿನ ದಾಖಲೆಯಲ್ಲಿ ಇರುವಂತೆಯೇ ಬರೆಯಿರಿ. ಕೆಲವು ದೇಶಗಳಲ್ಲಿ ಅದನ್ನೂ ತಾಳೆ ನೋಡುತ್ತಾರೆ.

ಇಷ್ಟಾದರೂ ಆಗದಿದ್ದರೆ ಕಾರ್ಡ್ ಪ್ರಿಪೇಯ್ಡ್ (ಮೊದಲೇ ಹಣ ತುಂಬಿಸಿದ್ದು) ಇರಬಹುದು. ಕಾರ್ಡ್ ನಂಬರಿನ ಮೊದಲ ಅಂಕಿಗಳು (ಹಿಂದೆ 6, ಈಗ 8) ಕೊಟ್ಟ ಬ್ಯಾಂಕನ್ನು ಸೂಚಿಸುತ್ತವೆ. ಅವುಗಳ ಆಧಾರದ ಮೇಲೆ ಅದು ಯಾವ ದೇಶದ್ದು, ಕ್ರೆಡಿಟ್ಟೋ ಡೆಬಿಟ್ಟೋ ಪ್ರಿಪೇಯ್ಡೋ ಎಂದು ಸೇವೆಯವರು ಆ ಕ್ಷಣದಲ್ಲೇ ಪತ್ತೆ ಮಾಡುತ್ತಾರೆ. ಪ್ರಿಪೇಯ್ಡ್ ಕಾರ್ಡನ್ನೂ ಇಮೇಲಿನಷ್ಟೇ ಸಲೀಸಾಗಿ ಗುಡ್ಡೆ ಹಾಕಬಹುದಾದ್ದರಿಂದ ಹಲವರು ಅದನ್ನು ಒಪ್ಪುವುದಿಲ್ಲ.

ಎರಡು ಮೂರು ಸಲಕ್ಕಿಂತ ಹೆಚ್ಚು ಪ್ರಯತ್ನಿಸಬೇಡಿ. ಕದ್ದ ಕಾರ್ಡುಗಳಲ್ಲಿ ಯಾವುದು ಜೀವಂತ ಎಂದು ನೋಡಲು ಕಳ್ಳರು ಇಂಥ ಸೈನ್‌ಅಪ್ ಪುಟಗಳಲ್ಲೇ ಒಂದರ ಹಿಂದೊಂದು ನಂಬರ್ ಹಾಕಿ ಪರೀಕ್ಷಿಸುತ್ತಾರೆ. ಪದೇಪದೇ ಒತ್ತುವ ನೀವೂ ಯಂತ್ರದ ಕಣ್ಣಿಗೆ ಹಾಗೇ ಕಾಣುತ್ತೀರಿ. 24 ಗಂಟೆ ಬಿಟ್ಟು ನೋಡಿ.

ಪ್ರಶ್ನೆ: ಒಟಿಪಿ ಬರುವುದೇ ಇಲ್ಲ. ‘ಮತ್ತೆ ಕಳುಹಿಸಿ’ ಒತ್ತಿ ಒತ್ತಿ ಈಗ ‘ಮಿತಿ ಮೀರಿದೆ’ ಅನ್ನುತ್ತಿದೆ.

ಉತ್ತರ: ಒತ್ತಿದ್ದೇ ತೊಂದರೆಯಾಯಿತು. ಸಾಮಾನ್ಯವಾಗಿ ಹೊಸ ಕೋಡ್ ಹೊರಟ ಕೂಡಲೇ ಹಳೆಯದು ರದ್ದು. ತಡವಾಗಿ ಬಂದ ಮೊದಲ ಕೋಡನ್ನು ಹಾಕಿದರೆ ‘ತಪ್ಪು’ ಎನ್ನುತ್ತದೆ. ಬೇರೆ ಬೇರೆ ಕೋಡ್ ಬಂದಿದ್ದರೆ ಕೊನೆಯದನ್ನಷ್ಟೇ ಹಾಕಿ.

ಮಿತಿ ಇಷ್ಟು ಬಿಗಿಯಾಗಿರಲು ಕಾರಣವಿದೆ. ಪ್ರತಿ ಎಸ್ಸೆಮ್ಮೆಸ್‌ಗೂ ಸೇವೆಯವರು ದುಡ್ಡು ತೆರುತ್ತಾರೆ. ಕೆಲವು ಮೋಸಗಾರರು ತಮಗೆ ಪಾಲು ಸಿಗುವ ನಂಬರುಗಳಿಗೆ ಸೈನ್‌ಅಪ್ ಪುಟದಿಂದ ಸಾವಿರಗಟ್ಟಲೆ ಒಟಿಪಿ ತರಿಸಿ ಆ ದುಡ್ಡು ಹೊಡೆಯುತ್ತಾರೆ. ಇದಕ್ಕೆ ಹೆದರಿ ಸೇವೆಗಳು ಕೆಲವು ದೇಶಗಳ ಕೋಡನ್ನೇ ಮುಚ್ಚುವುದೂ ಇದೆ.

ಈಗ ಮಾಡಬೇಕಾದ್ದು: ಮಿತಿ ತೆರವಾಗುವವರೆಗೆ ಕಾಯಿರಿ. ನಂತರ ದೇಶದ ಕೋಡನ್ನು ಪಟ್ಟಿಯಿಂದ ಆರಿಸಿ, ನಂಬರಿನ ಮುಂದೆ ಸೊನ್ನೆ ಹಾಕಿ ಬರೆಯುವ ರೂಢಿಯಿರುವ ದೇಶವಾದರೆ ಆ ಸೊನ್ನೆ ಬಿಟ್ಟು ಟೈಪ್ ಮಾಡಿ. ಮೆಸೇಜ್ ಆ್ಯಪಿನ ಸ್ಪ್ಯಾಮ್ ಫೋಲ್ಡರ್ ತೆರೆದು ನೋಡಿ. ಅಪರಿಚಿತ ಕಳುಹಿಸುವವರನ್ನು ನಿರ್ಬಂಧಿಸಿದ್ದರೆ ಸಡಿಲಿಸಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆಯಿರಿ. ಆಗಲೂ ಬರದಿದ್ದರೆ ‘ಕರೆ ಮಾಡಿ ತಿಳಿಸಿ’ ಆಯ್ಕೆ ಬಳಸಿ. ಇತ್ತೀಚೆಗೆ ಕಂಪನಿ ಬದಲಿಸಿ ನಂಬರ್ ಪೋರ್ಟ್ ಮಾಡಿದ್ದರೆ ಒಂದೆರಡು ದಿನ ಕೆಲವು ಒಟಿಪಿಗಳು ದಾರಿ ತಪ್ಪುತ್ತವೆ. ಇಂಟರ್‌ನೆಟ್ ಮೂಲಕ ನಡೆಯುವ ನಂಬರಾದರೆ ಹಲವೆಡೆ ಎಷ್ಟು ಕಾದರೂ ಪ್ರಯೋಜನವಿಲ್ಲ, ನಂಬರ್ ಯಾವ ಬಗೆಯದೆಂದು ವಿಚಾರಿಸಿಯೇ ಹಲವರು ಕೋಡ್ ಕಳುಹಿಸುತ್ತಾರೆ.

ಪ್ರಶ್ನೆ: ಎಸ್ಸೆಮ್ಮೆಸ್ ಸ್ವೀಕರಿಸಲು ವೆಬ್‌ಸೈಟ್‌ಗಳಲ್ಲಿ ಉಚಿತ ನಂಬರ್ ಸಿಗುತ್ತವಲ್ಲ, ಬಳಸಬಹುದೇ?

ಉತ್ತರ: ಆ ಪುಟ ತೆರೆದವರಿಗೆಲ್ಲ ಒಟಿಪಿ ಕಾಣುತ್ತದೆ. ಯಾರು ಬೇಕಾದರೂ ‘ಪಾಸ್‌ವರ್ಡ್ ಮರೆತಿದ್ದೇನೆ’ ಒತ್ತಿ, ಬಂದ ಕೋಡ್ ಓದಿ ನಿಮ್ಮ ಖಾತೆಗೆ ಇಳಿಯಬಹುದು. ಬೇಡ.

ಸ್ವಂತ ನಂಬರಿಗೂ ಇದೇ ಅಪಾಯದ ಇನ್ನೊಂದು ರೂಪವಿದೆ. ನೀವು ಬಿಟ್ಟ ನಂಬರನ್ನು ಕಂಪನಿ ಮತ್ತೊಬ್ಬರಿಗೆ ಕೊಡುತ್ತದೆ. 2021ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಎರಡು ಕಂಪನಿಗಳಲ್ಲಿ ಹೊಸ ಗ್ರಾಹಕರಿಗೆ ಲಭ್ಯವಿದ್ದ 259 ನಂಬರುಗಳನ್ನು ಪರಿಶೀಲಿಸಿದಾಗ 171 ನಂಬರುಗಳು ಇನ್ನೂ ಯಾರದೋ ಆನ್‌ಲೈನ್ ಖಾತೆಗೆ ಅಂಟಿಕೊಂಡಿದ್ದವು. ಸಿಮ್ ಬಿಡುವ ಮೊದಲು ಎಲ್ಲ ಖಾತೆಗಳಲ್ಲಿ ನಂಬರ್ ಬದಲಿಸಿ. ಸೈನ್‌ಅಪ್ ಮುಗಿದ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ 30 ಸೆಕೆಂಡಿಗೊಮ್ಮೆ ಕೋಡ್ ಬದಲಿಸುವ ಅಥೆಂಟಿಕೇಟರ್ ಆ್ಯಪ್ ಅಥವಾ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಇಲ್ಲವೇ ಪಿನ್‌ನಿಂದ ಒಳಹೋಗುವ ವಿಧಾನ) ಜೋಡಿಸಿ, ಫೋನ್ ಕೈಕೊಟ್ಟಾಗ ಬಳಸಲು ಕೊಡುವ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದಿಡಿ. ಅನುಮತಿಸಿದರೆ ನಂಬರನ್ನು ಅಲ್ಲಿಂದ ತೆಗೆದುಬಿಡಿ.

ಪ್ರಶ್ನೆ: ‘ಭದ್ರತೆಗಾಗಿ ಮಾತ್ರ’ ಎಂದು ಪಡೆದ ನಂಬರನ್ನು ಜಾಹೀರಾತಿಗೆ ಬಳಸುವುದಿಲ್ಲವೇ?

ಉತ್ತರ: ಬಳಸಿದ್ದಾರೆ. ಟ್ವಿಟರ್ 2013ರಿಂದ 2019ರವರೆಗೆ 14 ಕೋಟಿಗೂ ಹೆಚ್ಚು ಬಳಕೆದಾರರಿಂದ ಭದ್ರತೆಯ ಹೆಸರಲ್ಲಿ ನಂಬರ್, ಇಮೇಲ್ ಪಡೆದು ಜಾಹೀರಾತುದಾರರಿಗೆ ನೆರವಾಗುವಂತೆ ಬಳಸಿತೆಂಬ ಆರೋಪವಿತ್ತು. 2022ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಇತ್ಯರ್ಥದಲ್ಲಿ 15 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ನಂಬರ್ ಕೊಟ್ಟ ಮೇಲೆ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ‘ನಂಬರಿನಿಂದ ನನ್ನನ್ನು ಹುಡುಕಬಹುದು’ ಎಂಬಂಥ ಆಯ್ಕೆಯಿದ್ದರೆ ಆಫ್ ಮಾಡಿ. ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೇಳಿದರೆ ಕೊಡಬೇಡಿ.

ಪ್ರಶ್ನೆ: ಟ್ರಯಲ್ ಮುಗಿಯುವ ಮುನ್ನ ಆ್ಯಪ್ ಅಳಿಸಿದರೆ ಸಾಕೇ? ಕಾರ್ಡ್ ಅವಧಿಯೂ ಮುಗಿಯುತ್ತಿದೆ.

ಉತ್ತರ: ಎರಡೂ ಸಾಲದು. ಆ್ಯಪ್ ಅಳಿಸಿದರೂ ಚಂದಾ ನಡೆಯುತ್ತಲೇ ಇರುತ್ತದೆ. ಕಾರ್ಡ್ ಹಳತಾದರೆ ಹೊಸ ಕಾರ್ಡಿನ ವಿವರವನ್ನು ವ್ಯಾಪಾರಿಗೆ ತಾನಾಗಿ ತಲುಪಿಸುವ ವ್ಯವಸ್ಥೆ ವೀಸಾ, ಮಾಸ್ಟರ್‌ಕಾರ್ಡ್ ಎರಡಕ್ಕೂ ಇದೆ. ಚಂದಾ ಪುಟದಲ್ಲಿ ರದ್ದು ಒತ್ತಿ, ಖಚಿತಪಡಿಸುವ ಇಮೇಲ್ ಬಂದಿತೇ ನೋಡಿ. ಕೊನೇ ದಿನದವರೆಗೆ ಕಾಯಬೇಡಿ. ಆ್ಯಪಲ್ ಮೂಲಕ ಪಡೆದ ಚಂದಾವನ್ನು ನವೀಕರಣಕ್ಕೆ ಕನಿಷ್ಠ 24 ಗಂಟೆ ಮುಂಚೆ ರದ್ದು ಮಾಡಬೇಕು. ಮುಂದಿನ ಸಲ ಬ್ಯಾಂಕ್ ಕೊಡುವ ವರ್ಚುವಲ್ ಕಾರ್ಡಿಗೆ (ಆನ್‌ಲೈನ್ ಬಳಕೆಗೆಂದೇ ಇರುವ, ಬರೀ ನಂಬರಿನ ಕಾರ್ಡ್) ಕಡಿಮೆ ಮಿತಿ ಹಾಕಿ ಅದನ್ನೇ ಕೊಡಿ.