ಜೀನ್ ಆಮೇಲೆ, ಮೊದಲು ಗಿಡ ಸಾಯುತ್ತಾ ನೋಡಿ

ತೊಗರಿ ಗಿಡವನ್ನು ಬಾಡಿಸಿ ಕೊಲ್ಲುವ ನೆಟೆ ರೋಗದ ಫಂಗಸ್‌ಗೆ ಹಸಿರಾಗಿ ಹೊಳೆಯುವ ಜೀನ್ ಸೇರಿಸಬೇಕು, ಪ್ರೋಟೋಪ್ಲಾಸ್ಟ್ (ಗೋಡೆ ಕರಗಿಸಿದ ಕೋಶ) ದಾರಿ ಹಿಡಿಯಲೋ, ಜೀನ್ ಸಾಗಿಸುವ ಬ್ಯಾಕ್ಟೀರಿಯಾ ಅಗ್ರೋಬ್ಯಾಕ್ಟೀರಿಯಂ ಹಿಡಿಯಲೋ ಅಂತ ಕೇಳಿದ್ದೀರಿ. ಪಿಎಚ್‌ಡಿ ಮಾಡುವಾಗ ನಾನೂ ಇದನ್ನೇ ಕೇಳಿಕೊಂಡು ಓಡಾಡಿದವನು. ನಿಮ್ಮ ಟ್ಯೂಬಿನಲ್ಲಿರೋದು ಇನ್ನೂ ತೊಗರಿಯನ್ನು ಕೊಲ್ಲುತ್ತಾ?

ನನ್ನ ಫ್ಯುಸೇರಿಯಂ ಉಡಮ್, ಅಂದರೆ ಈ ನೆಟೆ ಫಂಗಸ್, ಬಂದದ್ದು ಕಲಬುರಗಿ ಹತ್ತಿರದ ಒಂದು ಹೊಲದಿಂದ. ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಹತ್ತಿದ ಗಿಡ, ಕಾಂಡ ಸೀಳಿದರೆ ಒಳಗೆ ಕಂದು ಗೆರೆ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಅದನ್ನು ಇಪ್ಪತ್ತು ದಿನಕ್ಕೊಮ್ಮೆ ಪಿಡಿಎ ಸ್ಲ್ಯಾಂಟಿನಿಂದ (ಆಲೂಗಡ್ಡೆ, ಸಕ್ಕರೆಯ ಅಗರ್ ಓರೆಯಾಗಿ ಗಟ್ಟಿಯಾದ ಟ್ಯೂಬ್) ಸ್ಲ್ಯಾಂಟಿಗೆ ದಾಟಿಸುತ್ತಾ ಹೋದೆ, ಒಂದು ವರ್ಷಕ್ಕೂ ಜಾಸ್ತಿ. ಅದೂ ಪ್ರತಿ ಸಲ, ಹತ್ತಿಯ ಹಾಗೆ ಬೆಳ್ಳಗೆ ಉಬ್ಬಿ ಬೇಗ ಹರಡಿದ ಅಂಚನ್ನೇ ಹುಡುಕಿ ತೆಗೆದು. ಚೆನ್ನಾಗಿ ಬೆಳೆದಿದೆ ಅಲ್ವಾ ಅಂತ ಖುಷಿ ಬೇರೆ. ಕೂತಲ್ಲೇ ಆಲೂಗಡ್ಡೆ, ಸಕ್ಕರೆ ಸಿಕ್ಕರೆ ಬೇರು ಕೊರೆಯೋ ಕಷ್ಟ ಅದಕ್ಕೆ ಯಾಕೆ? ಫ್ಯುಸೇರಿಯಂ ಹೀಗೆ ರೂಪ ಬದಲಿಸುತ್ತದೆ, ರೋಗ ತರುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಅಂಥದ್ದನ್ನೇ ನಾನು ಕೈಯಾರೆ ಹೆಕ್ಕಿ ಸಾಕಿದ್ದೆ.

ಇದು ಗೊತ್ತಿಲ್ಲದೆ ಜೀನ್ ಸೇರಿಸಿದೆ. ಬೀಜಕಗಳನ್ನು ಅಗ್ರೋಬ್ಯಾಕ್ಟೀರಿಯಂ ಜೊತೆ ಕಲಸಿ, ಜೀನ್ ಸಾಗಿಸಲು ಅದನ್ನು ಎಬ್ಬಿಸುವ ಅಸಿಟೋಸಿರಿಂಗೋನ್ ಹಾಕಿ ಎರಡು ದಿನ ಬಿಟ್ಟು, ಜೀನ್ ಸೇರದ ಫಂಗಸ್ ಅನ್ನು ಕೊಲ್ಲುವ ಹೈಗ್ರೋಮೈಸಿನ್ ಮೇಲೆ ಬದುಕಿದ್ದನ್ನು ಆರಿಸಿದೆ. ಅದರಲ್ಲಿ ಎರಡನ್ನು ತೆಗೆದುಕೊಂಡು, ಐಸಿಪಿ 2376 ಎಂಬ ತೊಗರಿ ಸಸಿಗಳ ಬೇರು ತೊಳೆದು, ತುದಿ ಕತ್ತರಿಸಿ, ಬೀಜಕದ ನೀರಿನಲ್ಲಿ ಅದ್ದಿ ಕಪ್‌ಗಳಲ್ಲಿ ನೆಟ್ಟೆ. ನೆಟೆಗೆ ಸುಲಭವಾಗಿ ಬೀಳುವ ತಳಿ ಅದು. ಆದರೂ ತಿಂಗಳು ಕಳೆದರೂ ಒಂದು ಎಲೆ ಬಾಡಲಿಲ್ಲ. ಹೊಸ ಡಿಎನ್‌ಎ ಹೋಗಿ ರೋಗದ ಜೀನನ್ನೇ ಮುರಿದಿದೆ ಅಂದುಕೊಂಡು ಕುಣಿದಾಡಿದೆ! ಅದು ಎಲ್ಲಿ ಸೇರಿದೆ ಅಂತ ಹುಡುಕೋದರಲ್ಲೇ ಎಂಟು ತಿಂಗಳು ಹೋಯಿತು.

ತಪ್ಪು ಏನು ಗೊತ್ತಾ? ಕಂಟ್ರೋಲ್ ಅಂತ ನಾನು ಇಟ್ಟಿದ್ದು ಬರೀ ನೀರಿನಲ್ಲಿ ಅದ್ದಿದ ಗಿಡ. ಅದು ಬದುಕಿದರೆ ಮಣ್ಣು, ನೀರು ಸರಿ ಇದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಜೀನ್ ಸೇರಿಸದ ಮೂಲ ಫಂಗಸ್, ಅಷ್ಟೇ ಸಲ ದಾಟಿಸಿದ್ದು, ಅದರಲ್ಲಿ ಅದ್ದಿದ ಗಿಡಗಳ ಒಂದು ಸಾಲು ಇರಬೇಕಿತ್ತು, ಆ ಸಾಲು ಸಾಯಬೇಕಿತ್ತು. ಆ ಸಾಲೇ ಇರಲಿಲ್ಲ. ಸೀನಿಯರ್ ಒಬ್ಬರು ಕೇಳಿದ ಮೇಲೆ ಇಟ್ಟೆ. ಸಾಯಲಿಲ್ಲ. ಬ್ಲೇಡಿನಿಂದ ಒಂದೊಂದೇ ಕಾಂಡ ಸೀಳುತ್ತಾ ಹೋದೆ, ಎಲ್ಲ ಮೂಲಂಗಿಯ ಹಾಗೆ ಬಿಳಿ. ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದರೆ, "ತೊಗರಿ ಸಾಯ್ಲಿಲ್ಲ ಅಂತ ಅಳೋನ್ನ ನಿನ್ನೊಬ್ಬನ್ನೇ ಕಂಡಿದ್ದು" ಅಂದರು.

ಮತ್ತೆ ಹೊಲಕ್ಕೆ ಹೋಗಿ ಹೊಸದಾಗಿ ತಂದೆ. ಒಂದೇ ಬೀಜಕದಿಂದ ಬೆಳೆಸಿ, ಫಿಲ್ಟರ್ ಪೇಪರ್ ಚೂರುಗಳ ಮೇಲೆ ಹಬ್ಬಿಸಿ, ಒಣಗಿಸಿ ಫ್ರೀಜರಿಗೆ ಹಾಕಿದೆ. ಪ್ರತಿ ಪ್ರಯೋಗಕ್ಕೂ ಹೊಸ ಚೂರು. ನೀವೂ ಇದನ್ನು ಇವತ್ತೇ ಮಾಡಿ.

ನಿಮ್ಮ ಪ್ರಶ್ನೆಗೆ ಉತ್ತರ ಬೇಕೇ ಬೇಕು ಅಂದರೆ, ಅಗ್ರೋಬ್ಯಾಕ್ಟೀರಿಯಂ. ಬೀಜಕ ಇದ್ದರೆ ಸಾಕು, ಕೋಶದ ಗೋಡೆ ಕರಗಿಸೋ ಎನ್‌ಜೈಮ್ ಜೊತೆ ಗುದ್ದಾಡಬೇಕಿಲ್ಲ. ಎಷ್ಟು ಹೈಗ್ರೋಮೈಸಿನ್‌ಗೆ ನಿಮ್ಮ ಫಂಗಸ್ ಸಾಯುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಇಲ್ಲದೆ ಶುರು ಮಾಡಬೇಡಿ, ಬಳಸಿದ ಮಣ್ಣು ಆಟೋಕ್ಲೇವ್ ಆಗದೆ (ಒತ್ತಡದ ಹಬೆಯಲ್ಲಿ ಬೇಯದೆ) ಹೊರಗೆ ಹೋಗಬಾರದು.

ಇನ್ನೊಂದು ಮಾತು, ಬೇಜಾರಾಗಬೇಡಿ. ಯಾವ ತಳಿ ತಡೆಯುತ್ತದೆ ಅಂತ ನೋಡೋದಷ್ಟೇ ನಿಮ್ಮ ಕೆಲಸವಾದರೆ ಹಸಿರು ಜೀನ್ ಸುಮ್ನೆ ಖರ್ಚು. ನೆಟೆ ತಡೆಯುವ ತಳಿ ಅಂತ ಹೆಸರಾದ ಮಾರುತಿ ಒಂದು ಕಡೆ, ಐಸಿಪಿ 2376 ಒಂದು ಕಡೆ ನೆಟ್ಟು ಕಾಂಡ ಸೀಳಿ ನೋಡಿದರೆ ಸಾಕು. ಫಂಗಸ್ ಬೇರಿನೊಳಗೆ ಯಾವ ದಾರಿಯಲ್ಲಿ ನುಗ್ಗುತ್ತೆ ಅಂತ ಕಣ್ಣಾರೆ ನೋಡಬೇಕು ಅನ್ನೋರಿಗೆ ಮಾತ್ರ ಅದು ಬೇಕು. ನಿಮ್ಮ ಟ್ಯೂಬ್ ಹೊಲದಿಂದ ಬಂದು ಎಷ್ಟು ದಿನ ಆಯ್ತು, ಎಷ್ಟು ಸಲ ದಾಟಿಸಿದ್ದೀರಿ? ಅದನ್ನು ಬರೆಯಿರಿ, ಮುಂದಿನದು ಆಮೇಲೆ ಹೇಳುತ್ತೇನೆ.